ಬಚ್ಚಲುಮನೆಯ ಬೂಷ್ಟು ಮತ್ತು ಮನೆಯ ಮಕ್ಕಳು

ವಯನಾಡು ಮಳೆಯ ನಾಡು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಬಿಡುವುದಿಲ್ಲ. ಅದು ನಿಂತಿತೆನ್ನುವಷ್ಟರಲ್ಲಿ ತುಲಾಮಾಸದ ಮಳೆ ಬರುತ್ತದೆ. ಘಟ್ಟದ ಅಂಚಿನ ಲಕ್ಕಿಡಿಯು ಕೇರಳದಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲಿ ಒಂದು. ಈ ಮಳೆಯಿಂದಲೇ ನಮ್ಮ ಕಾಫಿ, ಕರಿಮೆಣಸು, ಭತ್ತ ಬೆಳೆಯುತ್ತವೆ. ಆದರೆ ಯಾರೂ ಬಿತ್ತದ ಇನ್ನೊಂದು ಬೆಳೆಯೂ ಇದೇ ತೇವದಲ್ಲಿ ಬೆಳೆಯುತ್ತದೆ. ಅದೇ ಬಚ್ಚಲುಮನೆಯ ಗೋಡೆಯ ಮೇಲಿನ ಕಪ್ಪು ಬೂಷ್ಟು.

ಬೂಷ್ಟು ಎಂದರೇನು? ಕಾಡಿನಲ್ಲಿ ಏಳುವ ಅಣಬೆಯಂತೆ ಇದೂ ಒಂದು ಶಿಲೀಂಧ್ರ. ಹಸಿರು ಗಿಡಗಳಂತೆ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳಲಾರದು. ಸಾಬೂನಿನ ಜಿಡ್ಡು, ಮೈಯ ಕೊಳೆ, ಮರ ಮೊದಲಾದುವೇ ಇದರ ಆಹಾರ. ಇದರ ಬೀಜಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಗಾಳಿಯಲ್ಲಿ ಎಲ್ಲೆಲ್ಲಿಯೂ ಇವೆ. ತೇವ ಸಿಕ್ಕಿದರೆ ಒಂದೆರಡು ದಿನಗಳಲ್ಲಿಯೇ ಬೆಳೆಯತೊಡಗುತ್ತವೆ.

1928ರಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದದ್ದು ಒಂದು ಬಗೆಯ ಬೂಷ್ಟಿನಿಂದಲೇ. ಹಾಗೆಂದು ಗೋಡೆಯ ಬೂಷ್ಟನ್ನು ಉಳಿಸಿಕೊಳ್ಳುವಂತಿಲ್ಲ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ತಿಳಿಸಿದೆ. ಚಿಕ್ಕ ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಉಸಿರಾಡುತ್ತಾರೆ. ಆದುದರಿಂದ ಅವರಿಗೆ ಇದರ ಬಾಧೆಯೂ ಹೆಚ್ಚು.

ಆದರೆ ಬೂಷ್ಟನ್ನು ತೆಗೆಯುವ ಅವಸರವು ಕೆಲವೊಮ್ಮೆ ಬೂಷ್ಟಿಗಿಂತಲೂ ಅಪಾಯಕರ. ಬ್ಲೀಚಿಂಗ್ ಪೌಡರಿನ ಜೊತೆಗೆ ಕಕ್ಕಸು ತೊಳೆಯುವ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. 1915ರ ಏಪ್ರಿಲಿನಲ್ಲಿ ಬೆಲ್ಜಿಯಂನ ಈಪ್ರ್ ಎಂಬಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲವೂ ಇದೇ. ಮುಚ್ಚಿದ ಬಚ್ಚಲುಮನೆಯಲ್ಲಿ ಇದು ಶ್ವಾಸಕೋಶವನ್ನು ಸುಡಬಲ್ಲದು. ಎಂದೂ ಇವೆರಡನ್ನು ಬೆರೆಸಬಾರದು.

ಹಾಗಾದರೆ ಮಾಡುವುದೇನು? ದೊಡ್ಡವರು ಮಾತ್ರ ಈ ಕೆಲಸ ಮಾಡಬೇಕು; ಮಕ್ಕಳನ್ನು ದೂರವಿರಿಸಬೇಕು. ಒಳಬಾಗಿಲನ್ನು ಮುಚ್ಚಿ ಕಿಟಕಿಯನ್ನು ತೆರೆಯಬೇಕು. ಕೈಗೆ ರಬ್ಬರ್ ಗವಸು, ಮೂಗುಬಾಯಿಗೆ ಮಾಸ್ಕ್ ಇರಲಿ. ಒಣಗಿದ ಬೂಷ್ಟನ್ನು ಕೆರೆದರೆ ಬೀಜಕಣಗಳು ಹಾರುತ್ತವೆ. ಮೊದಲು ಒದ್ದೆ ಮಾಡಬೇಕು. ಹೆಂಚು, ಸಿಮೆಂಟಿನಂತಹ ಗಟ್ಟಿ ಮೇಲ್ಮೈಗೆ ಸಾಬೂನು ನೀರು ಮತ್ತು ಬ್ರಷ್ ಸಾಮಾನ್ಯವಾಗಿ ಸಾಕು. ಅನಂತರ ತೊಳೆದು ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಬೂಷ್ಟಿನ ಮೇಲೆಯೇ ಬಣ್ಣ ಬಳಿದರೆ ಪ್ರಯೋಜನವಿಲ್ಲ. ಆಸಿಡ್ ಮೊದಲಾದುವನ್ನು ಹಳೆಯ ಶರಬತ್ತಿನ ಬಾಟಲಿಯಲ್ಲಿ ತುಂಬಿಡಲೇಬಾರದು. ಮಗು ಪಾನೀಯವೆಂದು ಕುಡಿದೀತು. ಕುಡಿದರೆ ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಒಮ್ಮೆ ತೊಳೆದರೆ ಬೂಷ್ಟು ಹೋಗುತ್ತದೆ. ತೇವ ಉಳಿದರೆ ಮತ್ತೆ ಬರುತ್ತದೆ. ಮಲೆನಾಡಿನ ಹಳೆಯ ಬಚ್ಚಲುಮನೆಗಳಲ್ಲಿ ಹಂಡೆಯ ಒಲೆ ಉರಿಯುತ್ತಿತ್ತು. ಅದರ ಬಿಸಿಗೆ ಗೋಡೆ ಒಣಗುತ್ತಿತ್ತು. ಇಂದಿನ ಸ್ನಾನಗೃಹಗಳಲ್ಲಿ ಬಿಸಿನೀರಿದೆ, ಒಲೆಯಿಲ್ಲ. ಮಳೆಗಾಲದಲ್ಲಿ ಹೊರಗಿನ ಗಾಳಿಯೂ ತೇವವಾದುದರಿಂದ ಕಿಟಕಿ ತೆರೆದರೆ ಮಾತ್ರ ಸಾಲದು. ಸೋರುವ ನಲ್ಲಿಯನ್ನು ಸರಿಪಡಿಸಬೇಕು. ಒದ್ದೆ ಬಟ್ಟೆಯನ್ನು ಅಲ್ಲಿ ನೇತುಹಾಕಬಾರದು. ಸ್ನಾನವಾದ ಕೂಡಲೇ ಗೋಡೆ, ನೆಲಗಳನ್ನು ಒರೆಸಬೇಕು.

ವಿದ್ಯಾರ್ಥಿ ಮಿತ್ರರೇ, ಬೂಷ್ಟು ತೊಳೆಯುವ ಕೆಲಸ ಹಿರಿಯರದು. ಆದರೆ ಒರೆಸುವ ಕೆಲಸಕ್ಕೆ ಒಂದು ಒಣ ಬಟ್ಟೆ, ಐದು ನಿಮಿಷ ಸಾಕು. ಅದನ್ನು ನೀವೇ ವಹಿಸಿಕೊಳ್ಳಿರಿ. ಮನೆಯ ಪುಟ್ಟ ತಮ್ಮ ತಂಗಿಯರ ಉಸಿರಿಗೆ ಇದು ನೀವು ಮಾಡಬಹುದಾದ ದೊಡ್ಡ ಉಪಕಾರ.