ಕಾವಲುಗಾರ ಮನೆಯವರ ಮೇಲೇ ತಿರುಗಿಬಿದ್ದರೆ?

ನನ್ನ ತಂಗಿಗೆ ಟೈಪ್ 1 ಸಕ್ಕರೆ ಕಾಯಿಲೆ ಇದೆ. ಅದು ಗೊತ್ತಾದಾಗ ಅವಳು ನಾಲ್ಕನೇ ತರಗತಿಯಲ್ಲಿದ್ದಳು. ಮನೆಗೆ ಬಂದವರಲ್ಲಿ ಹಲವರು ಉಮ್ಮನ ಹತ್ತಿರ, "ಮಗುವಿಗೆ ಸಿಹಿ ಜಾಸ್ತಿ ಕೊಟ್ಟಿರಬೇಕು" ಎಂದು ಹೇಳಿಹೋಗುತ್ತಿದ್ದರು. ಉಮ್ಮ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ಈ ವರ್ಷ ಜೀವಶಾಸ್ತ್ರದಲ್ಲಿ ರೋಗನಿರೋಧಕ ಶಕ್ತಿಯ ಪಾಠ ಬಂದಾಗ, ಆಟೋಇಮ್ಯೂನ್ ಕಾಯಿಲೆಯ ಬಗ್ಗೆ ಇದ್ದ ಕೆಲವೇ ಸಾಲುಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಉಳಿದದ್ದನ್ನು ಹುಡುಕಿ ಓದಿದೆ. ಅದರಲ್ಲಿ ಹೆಚ್ಚಿನದು ಇಲಿಗಳಿಂದ ಕಲಿತ ವಿಷಯ.

ನಮ್ಮ ಟಿ ಕೋಶಗಳು ದೇಹದ ಕಾವಲುಗಾರರು. ಮೂಳೆಮಜ್ಜೆಯಿಂದ ಬರುವ ಎಳೆಯ ಕೋಶಗಳು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಬೆಳೆಯುತ್ತವೆ. ಅಲ್ಲಿ ಅವಕ್ಕೊಂದು ಪರೀಕ್ಷೆ. ದೇಹದ ಸ್ವಂತ ಪ್ರೋಟೀನುಗಳ ತುಣುಕುಗಳು ಅವುಗಳ ಎದುರಿಗೆ ಬರುತ್ತವೆ. ಅವನ್ನು ಬಲವಾಗಿ ಹಿಡಿದುಕೊಳ್ಳುವ ಕೋಶಗಳಲ್ಲಿ ಹೆಚ್ಚಿನವು ಅಲ್ಲೇ ಸಾಯುತ್ತವೆ. ತನ್ನದನ್ನು ಮುಟ್ಟದೆ ಬಿಡುವ ಈ ಗುಣಕ್ಕೆ ಸಹಿಷ್ಣುತೆ ಎನ್ನುತ್ತಾರೆ.

ಸಹಿಷ್ಣುತೆಯನ್ನು ಕಲಿಸಬಹುದು ಎಂದು ತೋರಿಸಿದವರು ಲಂಡನ್ನಿನ ಪೀಟರ್ ಮೆಡಾವರ್, ಬಿಲ್ಲಿಂಗ್‌ಹ್ಯಾಮ್ ಮತ್ತು ಬ್ರೆಂಟ್. ಒಂದು ತಳಿಯ ಇಲಿಗೆ ಇನ್ನೊಂದು ತಳಿಯ ಚರ್ಮ ಕಸಿ ಮಾಡಿದರೆ ಅದು ಕೆಲವೇ ದಿನಗಳಲ್ಲಿ ಉದುರಿಹೋಗುತ್ತದೆ. ಇವರು ತಾಯಿಯ ಹೊಟ್ಟೆಯಲ್ಲಿದ್ದ ಇಲಿಮರಿಗಳಿಗೆ ಬೇರೆ ತಳಿಯ ಜೀವಕೋಶಗಳನ್ನು ಚುಚ್ಚಿದರು. ಆ ಮರಿಗಳು ಬೆಳೆದ ಮೇಲೆ ಅದೇ ತಳಿಯ ಚರ್ಮವನ್ನು ಕಸಿ ಮಾಡಿದಾಗ, ಕೆಲವು ಇಲಿಗಳು ಅದನ್ನು ತಮ್ಮದೆಂದೇ ಒಪ್ಪಿಕೊಂಡವು. ಇದು ಪ್ರಕಟವಾದದ್ದು 1953ರಲ್ಲಿ. ಆದರೆ ಕಲಿತದ್ದು ಕಳೆದೂ ಹೋಗಬಹುದು. ಆ ಚರ್ಮದ ವಿರುದ್ಧ ಮೊದಲೇ ಹೋರಾಡಿದ್ದ ಇಲಿಯ ದುಗ್ಧಗ್ರಂಥಿಯನ್ನು ಒಪ್ಪಿಕೊಂಡಿದ್ದ ಇಲಿಯೊಳಗೆ ಇಟ್ಟಾಗ, ನೆಮ್ಮದಿಯಾಗಿದ್ದ ಕಸಿ ಹಾಳಾಯಿತು.

ಥೈಮಸ್ಸಿನ ಪರೀಕ್ಷೆಯೊಂದೇ ಸಾಲದು. ಕೆಲವು ತುಂಟ ಕೋಶಗಳು ತಪ್ಪಿಸಿಕೊಂಡು ಹೊರಬರುತ್ತವೆ. ಹುಟ್ಟಿದ ಮೂರನೇ ದಿನ ಥೈಮಸ್ ತೆಗೆದ ಇಲಿಗಳಲ್ಲಿ ರೋಗನಿರೋಧಕ ಶಕ್ತಿ ಕುಗ್ಗುವ ಬದಲು ಸ್ವಂತ ಅಂಗಗಳ ಮೇಲೆಯೇ ದಾಳಿ ನಡೆಯುವುದನ್ನು ಜಪಾನಿನ ವಿಜ್ಞಾನಿಗಳು ಕಂಡಿದ್ದರು. ಯಾಕೆಂದು ಹುಡುಕಿದವರು ಶಿಮೋನ್ ಸಕಾಗುಚಿ. ಸಿಡಿ25 ಎಂಬ ಗುರುತಿರುವ ಟಿ ಕೋಶಗಳನ್ನು ಬೇರ್ಪಡಿಸಿ, ಉಳಿದವನ್ನು ಮಾತ್ರ ಥೈಮಸ್ ಇಲ್ಲದ ಇಲಿಗಳಿಗೆ ಕೊಟ್ಟಾಗ ಅವುಗಳ ಹಲವು ಅಂಗಗಳು ಕೆಟ್ಟವು. ಬೇರ್ಪಡಿಸಿದ ಕೋಶಗಳನ್ನೂ ಸೇರಿಸಿ ಕೊಟ್ಟಾಗ ಕಾಯಿಲೆ ಬರಲಿಲ್ಲ. ಅಂದರೆ ಕಾವಲುಗಾರರನ್ನು ಹದ್ದುಬಸ್ತಿನಲ್ಲಿಡುವ ಟಿ ಕೋಶಗಳೂ ಇವೆ. 1995ರ ಈ ಕೆಲಸಕ್ಕೆ, ಆ ಕೋಶಗಳಿಗೆ ಬೇಕಾದ ಜೀನ್ ಕಂಡುಹಿಡಿದ ಮೇರಿ ಬ್ರುಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರೊಂದಿಗೆ 2025ರ ನೊಬೆಲ್ ಬಂತು.

ಎನ್‌ಒಡಿ ಎಂಬ ಜಪಾನಿನ ಇಲಿ ತಳಿಯಲ್ಲಿ ಸಹಿಷ್ಣುತೆ ತಾನಾಗಿಯೇ ಮುರಿಯುತ್ತದೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಟಿ ಕೋಶಗಳು ಕೊಲ್ಲುತ್ತವೆ. ನನ್ನ ತಂಗಿಯ ದೇಹದಲ್ಲಿ ನಡೆದದ್ದೂ ಇಂಥದ್ದೇ. ಇದು ಸಿಹಿ ತಿಂದು ಬರುವ ಕಾಯಿಲೆಯಲ್ಲ. ಟಿ ಕೋಶಗಳನ್ನು ತಣ್ಣಗಾಗಿಸುವ ಚಿಕಿತ್ಸೆಯೊಂದು ಮೊದಲು ಈ ಇಲಿಗಳಲ್ಲಿ ಫಲ ಕೊಟ್ಟಿತು. ಅದೇ ದಾರಿಯ ಟೆಪ್ಲಿಜುಮ್ಯಾಬ್ ಎಂಬ ಔಷಧಿಗೆ 2022ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದು ಕಾಯಿಲೆ ಬರುವುದನ್ನು ಮುಂದೂಡುತ್ತದೆ. ಈಗಾಗಲೇ ಬಂದ ನನ್ನ ತಂಗಿಗೆ ಇನ್ಸುಲಿನ್ ಬೇಕೇ ಬೇಕು.

ಇದನ್ನೆಲ್ಲ ಒಂದು ರಾತ್ರಿ ಉಮ್ಮನಿಗೆ ಹೇಳಿದೆ. "ಹಾಗಾದರೆ ನನ್ನಿಂದ ಅಲ್ಲವಾ?" ಎಂದು ಎರಡು ಸಲ ಕೇಳಿದರು. ಅಲ್ಲ ಎಂದೆ. ನಿಮ್ಮ ಪರಿಚಯದಲ್ಲೂ ಇಂಥ ಮಗು ಇದ್ದರೆ, ದಯವಿಟ್ಟು ಅದರ ತಾಯಿಗೆ ಈ ಮಾತನ್ನು ತಿಳಿಸಿ.