ಪುರಸಭೆಯಿಂದ ಶುರುವಾದ ರೆಸ್ಯೂಮೆ

ಪುರಸಭೆ ಸದಸ್ಯ, ಪುರಸಭೆ ಅಧ್ಯಕ್ಷ, ಸಂಸ್ಥಾನದ ಮುಖ್ಯಮಂತ್ರಿ, ರಾಜ್ಯದ ಮುಖ್ಯಮಂತ್ರಿ, ಲೆಫ್ಟಿನೆಂಟ್ ಗವರ್ನರ್, ರಾಜ್ಯಪಾಲ, ಉಪರಾಷ್ಟ್ರಪತಿ, ಅದರ ನಡುವೆ ಐದು ತಿಂಗಳು ಹಂಗಾಮಿ ರಾಷ್ಟ್ರಪತಿ. ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ಇಂಥದ್ದೊಂದು ರೆಸ್ಯೂಮೆ ಕೈಗೆ ಬಂದರೆ ಯಾರೋ ತಮಾಷೆ ಮಾಡಿದ್ದಾರೆ ಅಂದುಕೊಳ್ಳಬಹುದು. ಆದರೆ ಇದು ನಿಜವಾದದ್ದು, ಜಮಖಂಡಿಯ ಬಿ.ಡಿ. ಜತ್ತಿ ಅವರದು.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಜತ್ತಿಯವರು ಒಂದು ಅಂಕದ ಪ್ರಶ್ನೆಯಾಗಿ ಗೊತ್ತು. ಹಂಗಾಮಿ ರಾಷ್ಟ್ರಪತಿಯಾದ ಕನ್ನಡಿಗ ಯಾರು? ಉತ್ತರ ಬರೆದು ಮುಂದೆ ಹೋಗುತ್ತೇವೆ. ನನ್ನ ಕುತೂಹಲ ಇರುವುದು ಆ ಪಟ್ಟಿಯ ಕೊನೆಯ ಸಾಲಿನ ಬಗ್ಗೆ ಅಲ್ಲ, ಮೊದಲ ಎರಡು ಸಾಲುಗಳ ಬಗ್ಗೆ.

ಸಾವಳಗಿಯಲ್ಲಿ ಹುಟ್ಟಿ, ಕೊಲ್ಹಾಪುರದಲ್ಲಿ ಕಾನೂನು ಓದಿ, ಜಮಖಂಡಿಯಲ್ಲಿ ವಕೀಲಿಕೆ ಶುರು ಮಾಡಿದ ಯುವಕ 1940ರಲ್ಲಿ ಅಲ್ಲಿನ ಪುರಸಭೆಯ ಸದಸ್ಯರಾದರು, 1945ರಲ್ಲಿ ಅಧ್ಯಕ್ಷರಾದರು. ದೊಡ್ಡ ನಗರದಲ್ಲಿ ಮೇಯರ್ ಅನ್ನುತ್ತೇವಲ್ಲ, ಸಣ್ಣ ಊರಿನಲ್ಲಿ ಅದೇ ಸ್ಥಾನ ಪುರಸಭೆ ಅಧ್ಯಕ್ಷರದು. ಚರಂಡಿ, ಬೀದಿದೀಪ, ಸಂತೆ, ಸ್ಮಶಾನ ಇಂಥವೇ ಪುರಸಭೆಯ ವಿಷಯಗಳು. ಅಲ್ಲಿಂದ ಅವರು ಜಮಖಂಡಿ ಸಂಸ್ಥಾನದಲ್ಲಿ ಮಂತ್ರಿ, ನಂತರ ಮುಖ್ಯಮಂತ್ರಿ ಆದರು.

ಆಮೇಲಿನ ಭಾಗ ನಮ್ಮಂಥ ಕೆಲಸ ಹುಡುಕುವವರಿಗೆ ಹತ್ತಿರದ್ದು. 1948ರ ಮಾರ್ಚ್‌ನಲ್ಲಿ ಸಂಸ್ಥಾನ ಮುಂಬೈ ಪ್ರಾಂತ್ಯದಲ್ಲಿ ವಿಲೀನವಾಯಿತು. ಅಂದರೆ ಹುದ್ದೆ ಮಾತ್ರವಲ್ಲ, ಆ ಹುದ್ದೆ ಇದ್ದ ರಾಜ್ಯವೇ ಹೋಯಿತು. ಜತ್ತಿಯವರು ಮತ್ತೆ ಕರಿಕೋಟು ಹಾಕಿಕೊಂಡು ಕೋರ್ಟಿಗೆ ಹೋದರು. ಹೆಚ್ಚುಕಡಿಮೆ ಎರಡು ವರ್ಷದ ನಂತರ ಮುಂಬೈ ಶಾಸನಸಭೆಗೆ ಕರೆ ಬಂತು. 1952ರಲ್ಲಿ ಮೊರಾರ್ಜಿ ದೇಸಾಯಿಯವರ ಸರ್ಕಾರದಲ್ಲಿ ಉಪಮಂತ್ರಿಯಾದರು. ಏಕೀಕರಣದ ನಂತರ ಮೈಸೂರು ರಾಜ್ಯಕ್ಕೆ ಬಂದರು, 1958ರಲ್ಲಿ ಮುಖ್ಯಮಂತ್ರಿಯಾದರು. 1961ರ ಭೂಸುಧಾರಣಾ ಕಾಯ್ದೆ ಅವರ ಕಾಲದ್ದು. 1962ರ ಚುನಾವಣೆಯ ನಂತರ ಆ ಕುರ್ಚಿಯೂ ಹೋಯಿತು. ಆದರೂ ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿಯಾಗಿ ಕೂತರು. ಒಮ್ಮೆ ಮುಖ್ಯಮಂತ್ರಿಯಾಗಿದ್ದವರು ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡುವುದು ಸುಲಭವಲ್ಲ. 1977ರಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ರಾಷ್ಟ್ರಪತಿ ಭವನದ ಹೊಣೆ ಇವರಿಗೆ ಬಂತು. ಆ ಮಾರ್ಚ್‌ನಲ್ಲಿ ಪ್ರಧಾನಿಗೆ ಪ್ರಮಾಣವಚನ ಬೋಧಿಸಿದರು. ಪ್ರಧಾನಿ ಬೇರೆ ಯಾರೂ ಅಲ್ಲ, ಹಿಂದೆ ಮುಂಬೈಯಲ್ಲಿ ಇವರ ಮುಖ್ಯಮಂತ್ರಿಯಾಗಿದ್ದ ಅದೇ ಮೊರಾರ್ಜಿ!

ಕಾಲ ಬದಲಾಗಿದೆ, ನಿಜ. ಇವತ್ತು ಪುರಸಭೆಗೆ ನಿಂತ ಹುಡುಗ ನಾಳೆ ರಾಷ್ಟ್ರಪತಿ ಆಗುತ್ತಾನೆ ಎಂದು ನಾನು ಹೇಳುತ್ತಿಲ್ಲ. ಟಿಕೆಟ್, ಜಾತಿ ಲೆಕ್ಕಾಚಾರ, ದುಡ್ಡು ಎಲ್ಲ ಗೊತ್ತಿರುವುದೇ. ಗೆದ್ದರೂ ಅಧ್ಯಕ್ಷರ ಅವಧಿ ಮೂವತ್ತು ತಿಂಗಳು ಮಾತ್ರ, ಅದೂ ಮೀಸಲಾತಿಯ ಸರದಿ ಪ್ರಕಾರ. ಆ ಸರದಿಯ ಪಟ್ಟಿ ಕೋರ್ಟ್ ಮೆಟ್ಟಿಲೇರಿದ್ದರಿಂದ, 2018ರಲ್ಲಿ ಚುನಾವಣೆ ನಡೆದ ನಮ್ಮ ರಾಜ್ಯದ ಅನೇಕ ಪಟ್ಟಣಗಳಲ್ಲಿ ಅಧ್ಯಕ್ಷರ ಆಯ್ಕೆ 2020ರವರೆಗೂ ಆಗಲಿಲ್ಲ. ಸದಸ್ಯರು ಇದ್ದರು, ಅಧಿಕಾರ ಇರಲಿಲ್ಲ. ಇದಕ್ಕೆಷ್ಟು ಯುವಕರು ಬೀದಿಗಿಳಿದರು? ಗಮನಿಸಿದವರೇ ಕಡಿಮೆ.

ಯಾಕೆ ಗಮನಿಸಬೇಕು? ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಒಳಚರಂಡಿ ಇರುವ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂದು ಹಿಡಿದು ಪೈಪಿನ ಅಳತೆ ಲೆಕ್ಕ ಹಾಕುವುದನ್ನು ಕ್ಲಾಸಿನಲ್ಲಿ ಕಲಿಯುತ್ತೇವೆ. ನಮ್ಮೂರಿನ ನಮ್ಮ ಬೀದಿಗೆ ಐದು ದಿನಕ್ಕೊಮ್ಮೆ ನಲ್ಲಿ ಬರುತ್ತದೆ. ಅವತ್ತು ಅಮ್ಮ ನಸುಕಿಗೇ ಎದ್ದು ಡ್ರಮ್ಮು, ಕೊಡ, ಬಕೆಟ್ಟು ಎಲ್ಲ ತುಂಬಿಸುತ್ತಾಳೆ. ಪೈಪು ಎಷ್ಟು ಅಗಲ ಇರಬೇಕು ಎಂದು ಎಂಜಿನಿಯರ್ ಹೇಳಬಲ್ಲ. ಯಾವ ಬೀದಿಗೆ ಮೊದಲು ಹಾಕಬೇಕು ಎನ್ನುವುದು ಪುರಸಭೆಯ ಸಭೆಯಲ್ಲಿ ತೀರ್ಮಾನವಾಗುವ ವಿಷಯ. ಆ ಪ್ರಶ್ನೆ ನಮ್ಮ ಸಿಲಬಸ್‌ನಲ್ಲಿ ಇಲ್ಲ.

ನಗರ ಯೋಜನೆಯಿಂದ ಹಿಡಿದು ನೀರು, ಕಸ, ಕೊಳೆಗೇರಿ ಸುಧಾರಣೆವರೆಗೆ ಹದಿನೆಂಟು ವಿಷಯಗಳನ್ನು ಸಂವಿಧಾನದ ಹನ್ನೆರಡನೇ ಅನುಸೂಚಿ ಪಟ್ಟಿ ಮಾಡಿದೆ. ಇವನ್ನು ನಿಭಾಯಿಸಲು ಲೆಕ್ಕ ಬಲ್ಲವರು, ಕಾನೂನು ಬಲ್ಲವರು, ಟೆಂಡರ್ ಓದಬಲ್ಲವರು ಬೇಕು. ಶಾಸಕರಾಗಲು 25 ವರ್ಷ ತುಂಬಿರಬೇಕು, ಪುರಸಭೆಗೆ 21 ಸಾಕು. ಡಿಗ್ರಿ ಮುಗಿಸುವ ವಯಸ್ಸು ಅದು!

‘ರಾಜಕೀಯ ನಮ್ಮಂಥವರಿಗಲ್ಲ’ ಎನ್ನುವುದು ನಮ್ಮ ಮನೆಯ ಮಾತು, ಬಹುಶಃ ನಿಮ್ಮ ಮನೆಯದ್ದೂ. ನಿಲ್ಲಲೇಬೇಕು ಎಂದೇನಿಲ್ಲ. ನಿಮ್ಮ ವಾರ್ಡ್ ಸದಸ್ಯರು ಯಾರು, ಈ ವರ್ಷದ ಬಜೆಟ್‌ನಲ್ಲಿ ನಿಮ್ಮ ಬೀದಿಗೆ ಏನಿದೆ ಎಂದು ಕೇಳಿ ತಿಳಿದುಕೊಳ್ಳಬಹುದು. ಅನೇಕ ಊರುಗಳಲ್ಲಿ ಬಜೆಟ್‌ಗೆ ಮೊದಲು ಸಾರ್ವಜನಿಕರ ಸಲಹೆ ಕೇಳುವ ಸಭೆ ನಡೆಯುತ್ತದೆ, ಅಲ್ಲಿ ಹೋಗಿ ಕೂರಬಹುದು. ನನಗೀಗ ಇಪ್ಪತ್ತು. ಮುಂದಿನ ಸಭೆಗೆ ನಮ್ಮ ಬೀದಿಯ ಪೈಪಿನ ಲೆಕ್ಕ ಹಾಕಿಕೊಂಡು ಹೋಗುತ್ತೇನೆ.