ವಿಶೇಷಣವೂ ಸಾಕ್ಷ್ಯವೂ

೨೦೦೬ರ ಆಗಸ್ಟ್ ೧೦ರಂದು ಬ್ರಿಟನ್ನಿನ ಪೋಲೀಸರು ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು. ಪಾನೀಯದ ಶೀಸೆಗಳಲ್ಲಿ ಸ್ಫೋಟಕ ದ್ರವವನ್ನು ತುಂಬಿ, ಅಟ್ಲಾಂಟಿಕ್ ಸಾಗರವನ್ನು ದಾಟುವ ವಿಮಾನಗಳನ್ನು ನಡುವಾನಿನಲ್ಲಿ ಸಿಡಿಸುವ ಸಂಚು ಇವರದೆಂದು ಆಪಾದನೆ. ಊಹಾತೀತವಾದ ನರಹತ್ಯೆಯೊಂದು ತಪ್ಪಿತೆಂದು ಅಧಿಕಾರಿಗಳು ಸಾರಿದರು. ವ್ಯಾಕರಣ ಕಲಿಸುವವನಾದ ನನಗೆ ಕಂಡದ್ದಿಷ್ಟು: ವಿಶೇಷಣಗಳು ಬಂದು ನಿಂತಿದ್ದವು, ವಿಶೇಷ್ಯವಿನ್ನೂ ಬಂದಿರಲಿಲ್ಲ.

ಅಲ್ಲಿಯ ಪ್ರಜೆಗಳಲ್ಲಿ ಅನೇಕರು ನಂಬಲಿಲ್ಲ. ವಿಮಾನದ ಟಿಕೆಟನ್ನೇ ಕೊಳ್ಳದವರು ವಿಮಾನವನ್ನು ಸಿಡಿಸುವುದೆಂತು ಎಂದರು. ಅವರ ಶಂಕೆ ಕುಚೋದ್ಯವಲ್ಲ. ಹಿಂದಿನ ವರ್ಷವಷ್ಟೇ ಲಂಡನ್ನಿನ ಸ್ಟಾಕ್‌ವೆಲ್ ನಿಲ್ದಾಣದಲ್ಲಿ ಬ್ರೆಜಿಲ್ ದೇಶದ ನಿರಪರಾಧಿ ಯುವಕನೊಬ್ಬನನ್ನು ಭಯೋತ್ಪಾದಕನೆಂದು ಭ್ರಮಿಸಿ ಪೋಲೀಸರು ಕೊಂದಿದ್ದರು. ಜೂನ್ ತಿಂಗಳಲ್ಲಿ ಫಾರೆಸ್ಟ್ ಗೇಟ್ ಎಂಬಲ್ಲಿ ರಾಸಾಯನಿಕ ಅಸ್ತ್ರವನ್ನು ಹುಡುಕಿ ಸುಮಾರು ೨೫೦ ಪೋಲೀಸರ ದಂಡು ಹೋಯಿತು. ಒಬ್ಬನಿಗೆ ಗುಂಡು ತಗುಲಿತು, ಅಸ್ತ್ರ ದೊರೆಯಲಿಲ್ಲ. ಇರಾಕಿನಲ್ಲಿ ಸಿಗದ ಅಸ್ತ್ರಗಳ ಕಥೆ ಬೇರೆ.

೨೦೦೮ರಲ್ಲಿ ಜ್ಯೂರಿಯು ಮೂವರು ಕೊಲೆಯ ಸಂಚು ಹೂಡಿದ್ದು ದಿಟವೆಂದಿತು. ಗುರಿ ವಿಮಾನವೇ ಎಂಬಲ್ಲಿ ಮಾತ್ರ ಒಮ್ಮತಕ್ಕೆ ಬರಲಿಲ್ಲ. ಮರುವಿಚಾರಣೆಯಲ್ಲಿ, ಮೊದಲ ಜ್ಯೂರಿ ಕಾಣದಿದ್ದ ಈ-ಮೇಲ್ ಪತ್ರಗಳು ಹೊರಬಂದವು. ಮೇಲುನೋಟಕ್ಕೆ ಸಾಧುವಾದ ಮಾತುಗಳು, ಒಳಗೆ ಸಂಕೇತ. ೨೦೦೯ರ ಸೆಪ್ಟೆಂಬರಿನಲ್ಲಿ ಅದೇ ಮೂವರು ವಿಮಾನದ ಸಂಚಿನಲ್ಲೂ ಅಪರಾಧಿಗಳಾದರು.

ಹಾಗಾದರೆ ಶಂಕಿಸಿದವರು ಮೂಢರೆ? ನನಗೆ ಹಾಗೆ ತೋರದು. ಹನ್ನೆರಡು ಮಂದಿ ನ್ಯಾಯಾಲಯದಲ್ಲಿ ಕುಳಿತು, ಎಲ್ಲವನ್ನೂ ಕೇಳಿದ ಮೇಲೂ ತಡವರಿಸಿದ್ದು ಅದೇ ಶಂಕೆಯಲ್ಲಿ. ಅದನ್ನು ನೀಗುವ ಸಾಕ್ಷ್ಯ ಜ್ಯೂರಿಯ ಮುಂದೆ ಬರಲು ಸುಮಾರು ಮೂರು ವರ್ಷ ಹಿಡಿಯಿತು. ಪ್ರಯಾಣಿಕರ ಕೈಯ ಶೀಸೆಗಳಿಗೆ ನಿಷೇಧವಾದರೋ ಬಂಧನವಾದ ದಿನವೇ ಜಾರಿಗೆ ಬಂದಿತ್ತು.